ಹಳೇಬಾವಿ ಓಣಿಯ ನಲ್ಲಿಯವರಿಗೆ, ನಾಲ್ಕು ಮೀನುಗಳ ಮರಣದ ಸಂಬಂಧ

ಶಿರಾಳಕೊಪ್ಪ,
ಭಾನುವಾರ, ೧೪ ಮೇ ೧೯೭೮

ಶ್ರೀಮಾನ್ ಬೀದಿ ನಲ್ಲಿಯವರ ಸನ್ನಿಧಾನಕ್ಕೆ,
ಹಳೇಬಾವಿ ಓಣಿಯ ಮೂಲೆ, ವಾಚನಾಲಯದ ಎದುರು.

ಮಾನ್ಯರೇ,

ದಿನಾ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ತಪ್ಪದೆಯೂ, ಸಂಜೆ ಮನಸ್ಸು ಬಂದಾಗ ಮಾತ್ರವೂ ಈ ಓಣಿಗೆ ದರ್ಶನ ಕೊಡುವ ತಮ್ಮ ಹಿತ್ತಾಳೆಯ ಮೂತಿಗೆ, ಆ ಮೂತಿಯನ್ನು ಎತ್ತಿ ಹಿಡಿದಿರುವ ಸಿಮೆಂಟಿನ ಕಂಬಕ್ಕೆ, ಕಂಬದ ಬುಡದಲ್ಲಿ ತಮ್ಮ ಕೃಪೆಯಿಂದಲೇ ಹುಟ್ಟಿ ಈಗ ಎರಡು ಬಾತುಕೋಳಿಗಳಿಗೆ ಆಶ್ರಯ ಕೊಟ್ಟಿರುವ ಕೆಸರಿಗೆ ನನ್ನ ಗೌರವಪೂರ್ವಕ ವಂದನೆಗಳು. ತಮ್ಮ ಕತ್ತಿನ ಬಳಿ ಸೋರುತ್ತಿದ್ದ ಜಾಗಕ್ಕೆ ಮೊನ್ನೆ ಸುತ್ತಿದ ಸೈಕಲ್ ಟ್ಯೂಬಿನ ಪಟ್ಟಿ ತಮಗೆ ಹಿತವಾಗಿದೆಯೆಂದು ಭಾವಿಸುತ್ತೇನೆ. ತಮ್ಮ ಕಂಬಕ್ಕೇ ಈ ಪತ್ರವನ್ನು ಅಂಟಿಸುತ್ತಿರುವುದು ಅವಮರ್ಯಾದೆಯಿಂದಲ್ಲ. ತಾವು ಓಣಿಯನ್ನು ಬಿಟ್ಟು ಎಲ್ಲಿಗೂ ಹೋಗುವವರಲ್ಲವಾದ್ದರಿಂದ ಅಂಚೆ ಚೀಟಿ ದಂಡವಾಗುವುದು ಬೇಡವೆಂದು.

ತಮಗೆ ನನ್ನ ಪರಿಚಯ ಬೇಕಿಲ್ಲ, ಆದರೆ ದಾರಿಹೋಕರೂ ಓದುವ ಪತ್ರವಾದ್ದರಿಂದ ಹೇಳಿಕೊಳ್ಳುತ್ತೇನೆ. ನಾನು ಲೋಕಪ್ಪ, ನಮ್ಮ ಸೋದರತ್ತೆ ಬಸವಣ್ಣೆಮ್ಮನವರ ಮನೆಯ ಮುಂಗೋಣೆಯಲ್ಲಿ ನಡೆಯುತ್ತಿರುವ ಹೊಸಹೆಜ್ಜೆ ವಾಚನಾಲಯದ ಸ್ಥಾಪಕ ಕಾರ್ಯದರ್ಶಿ. ಕಾಲೇಜಿನ ಮುಖ ಕಂಡವನಲ್ಲ. ಆದರೆ ಆರೋಗ್ಯ, ಒಕ್ಕಲುತನ, ಮೂಢನಂಬಿಕೆ, ಕೋಳಿ ಸಾಕಣೆ, ಜಾಗತಿಕ ಶಾಂತಿ ಈ ಎಲ್ಲ ವಿಷಯಗಳ ಮೇಲೆ ಪುಕ್ಕಟೆಯಾಗಿಯೂ ಹತ್ತು ಪೈಸೆಗೂ ಸಿಗುವ ಕಿರುಹೊತ್ತಿಗೆಗಳನ್ನು ತಲೆಗೆ ಹತ್ತಿಸಿಕೊಂಡವನು. ತಮ್ಮನ್ನು ಈ ಓಣಿಗೆ ಕರೆತರಲು ಹನ್ನೊಂದು ಅರ್ಜಿ ಬರೆದವನೂ ನಾನೇ. ಮಾರ್ಚ್ ತಿಂಗಳಲ್ಲಿ ತಾವು ಮೊದಲ ಸಲ ಕೆಮ್ಮಿ, ಗಾಳಿ ಬಿಟ್ಟು, ಕೆಂಪಗೆ ಉಗುಳಿ, ಆಮೇಲೆ ತಿಳಿಯಾದ ನೀರು ಕೊಟ್ಟಾಗ ಕಣ್ಣಲ್ಲಿ ನೀರು ತುಂಬಿಕೊಂಡು ಭಾಷಣ ಮಾಡಿದವನೂ ನಾನೇ. ಆ ಭಾಷಣದಲ್ಲಿ ತಮ್ಮನ್ನು "ಜಾತಿ ಕೇಳದ, ಮತ ಕೇಳದ, ಕೊಡದ ಬಾಯಿ ಅಗಲವೋ ಕಿರಿದೋ ಎಂದೂ ಕೇಳದ ಸಮಾನತೆಯ ಹರಿಕಾರ" ಎಂದು ಕರೆದಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಅದಕ್ಕೆ ಸಣ್ಣದೊಂದು ಸೇರ್ಪಡೆ ಮಾಡಬೇಕಾಗಿ ಬಂದಿದೆ, ಅಷ್ಟೆ: ತಾವು ಕೊಲ್ಲುವಾಗಲೂ ಜಾತಿ ಮತ ಕೇಳುವವರಲ್ಲ.

ತಮ್ಮ ಅಗತ್ಯ ನಮಗೆ ಯಾಕೆ ಬಿತ್ತೆಂಬುದನ್ನು ಮೊದಲು ನೆನಪಿಸಬೇಕು. ಹೋದ ಬೇಸಿಗೆಯಲ್ಲಿ ಈ ಓಣಿಯ ಬಾವಿಯ ನೀರು ತಳ ಕಂಡು, ಹನ್ನೆರಡು ಮನೆಗಳಲ್ಲಿ ವಾಂತಿಭೇದಿ ಶುರುವಾಗಿ, ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬರು ಚಾಪೆ ಅಂಗಡಿಯ ಮಸ್ತಾನ್ ಸಾಬ್. ಅವರ ಮನೆಯವರಾದ ಕುಬ್ರಾ ಬೀಯವರು ಈ ಓಣಿಯ ಹಿರಿಯರು. ಹೆಣ್ಣುಮಕ್ಕಳಲ್ಲಿ ಹಿಂದೂಗಳೂ ಮುಸಲ್ಮಾನರೂ ಅವರ ಮಾತಿಗೆ ತಲೆದೂಗುತ್ತಾರೆ. ಬಾವಿಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿವೆಯೆಂದು ನಾನು ಚಿತ್ರಸಹಿತ ಕಿರುಹೊತ್ತಿಗೆಯನ್ನು ತೋರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು, "ನಮ್ಮ ಯಜಮಾನ್ರು ಅರವತ್ತು ವರ್ಷ ಅದೇ ನೀರು ಕುಡ್ದಿದ್ರು ಮಗಾ. ಅರವತ್ತು ವರ್ಷ ಸುಮ್ನಿದ್ದ ಬಾವಿ ಒಂದಿನ ಯಾಕೆ ಸಿಟ್ಟಾಗ್ತದೆ?" ಎಂದು ಕೇಳಿದರು. ಅದಕ್ಕೆ ಉತ್ತರ ಆ ಕಿರುಹೊತ್ತಿಗೆಯಲ್ಲಿ ಇರಲಿಲ್ಲ. ತಾವು ಬಂದ ಮೇಲೂ ಅವರು ತಮ್ಮ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿ, "ಇದು ನೀರೇನಪ್ಪಾ, ಆಸ್ಪತ್ರೆ ನೆಲ ಒರ್ಸಿ ಹಿಂಡಿದಂಗೈತೆ" ಎಂದು ಚೆಲ್ಲಿ, ಕೊಡ ಎತ್ತಿಕೊಂಡು ಬಾವಿಗೇ ಹೋದರು. ಅವರ ಹಿಂದೆ ಇಡೀ ಓಣಿ ಹೋಯಿತು. ಉಳಿದವರು ಮೂವರು: ನಾನು, ತಾವು, ಬಾತುಕೋಳಿಗಳನ್ನು ಒಂದೆಂದು ಲೆಕ್ಕ ಹಿಡಿದರೆ ಅವು.

ಆ ಹೊತ್ತಿಗೆ ಸರಿಯಾಗಿ ಕುಬ್ರಾ ಬೀಯವರ ಮಗಳು ಖುರ್ಷೀದ್ ಬೀ ಚೊಚ್ಚಲ ಬಾಣಂತನಕ್ಕೆಂದು ಸೊರಬದಿಂದ ತವರಿಗೆ ಬಂದರು. ಎಂಟು ತಿಂಗಳ ಗರ್ಭಿಣಿ, ಹೊರಗೆ ಸುಡುವ ಬಿಸಿಲು, ಬಾವಿಯಲ್ಲಿ ಮತ್ತೆ ತಳದ ಕೆಸರು. ಅವರು ದಿನಕ್ಕೆ ಎಷ್ಟು ಚೊಂಬು ನೀರು ಕುಡಿಯುತ್ತಾರೋ, ಅದು ಯಾವ ನೀರೋ ಎಂಬ ಯೋಚನೆಯಲ್ಲಿ ನನಗೆ ಜಾಗತಿಕ ಶಾಂತಿಯ ಹೊತ್ತಿಗೆಯನ್ನೂ ಓದಲಾಗಲಿಲ್ಲ. ಏನಾದರೂ ಮಾಡಿ, ಆ ಹುಡುಗಿಗೆ ನೋವು ಬರುವುದರೊಳಗೆ ಕುಬ್ರಾ ಬೀಯವರನ್ನು ತಮ್ಮ ಕಡೆ ತಿರುಗಿಸಬೇಕೆಂದು ಸಂಕಲ್ಪ ಮಾಡಿದೆ.

ಉಪಾಯ ಹೊಳೆದದ್ದು ಮೀನು ಸಾಕಣೆಯ ಒಂದು ಹಾಳೆಯಿಂದ. ಒಂದೇ ಹಾಳೆ, ಎರಡು ಮಗ್ಗುಲಿಗೂ ಅಚ್ಚಾದದ್ದು. ಅದರ ಮುಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ, ಮೀನು ಶುದ್ಧ ನೀರಿನಲ್ಲಿ ಮಾತ್ರ ಬದುಕುತ್ತದೆ, ನೀರು ಕೆಟ್ಟರೆ ಮೊದಲು ತಿಳಿಯುವುದು ಮೀನಿಗೇ ಎಂದಿತ್ತು. ಇಷ್ಟು ಸಾಕಾಯಿತು. ತಮ್ಮ ನೀರಿನಲ್ಲಿ ಮೀನು ಬಿಟ್ಟು, ಅದು ಓಣಿಯವರ ಕಣ್ಣೆದುರು ಈಜಾಡಿದರೆ ಇನ್ನು ಯಾವ ಬಾಯಿ ಏನು ಹೇಳಲು ಸಾಧ್ಯ? ಕೂಡಲೇ ಆ ಹಾಳೆಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮೈದಾ ಅಂಟು ಹಚ್ಚಿ ವಾಚನಾಲಯದ ಹೊರಗೋಡೆಗೆ ಅಂಟಿಸಿದೆ. ಹಿಂಬದಿಯನ್ನು ಆಮೇಲೆ ಓದಿದರಾಯಿತು ಎಂದುಕೊಂಡೆ. ಅಂಟಿಸಿದ ಹಾಳೆಯ ಹಿಂಬದಿಯನ್ನು ಆಮೇಲೆ ಓದುವುದು ಹೇಗೆಂದು ಆಗ ಯೋಚಿಸಲಿಲ್ಲ.

ಫೋಟೋ ತೆಗೆದು ಕಟ್ಟು ಹಾಕಿ ಕೊಡುವ ಜಹಾಂಗೀರ್ ನನ್ನ ಬಾಲ್ಯದ ಗೆಳೆಯ. ಅವನು ಕಟ್ಟು ಹಾಕಿ ಮಿಕ್ಕಿದ ಗಾಜುಗಳನ್ನು ಕಬ್ಬಿಣದ ಪಟ್ಟಿಗೆ ಕೂರಿಸಿ, ಸಂದಿಗೆ ಕಿಟಕಿಗೆ ಹಚ್ಚುವ ಪುಟ್ಟಿ ಮೆತ್ತಿ ಒಂದು ಪೆಟ್ಟಿಗೆ ಮಾಡಿಕೊಟ್ಟ. ಶಿವಮೊಗ್ಗಕ್ಕೆ ಹೋದವನು ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಐದು ಬಂಗಾರ ಬಣ್ಣದ ಮೀನುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. "ಕಂಡಕ್ಟರ್ ನಾಲ್ಕಕ್ಕೆ ಅರ್ಧ ಟಿಕೆಟ್ಟು, ಒಂದಕ್ಕೆ ಫುಲ್ ಅಂತ ಕೂತ್ಕೊಂಡಿದ್ದ ಕಣೋ, ಆ ಒಂದು ಸ್ವಲ್ಪ ದಪ್ಪ ಐತೆ ನೋಡು" ಎಂದು ಹೇಳಿದ್ದನ್ನು ನಾನು ಪೂರ್ತಿ ನಂಬಿಲ್ಲ. ಐದಕ್ಕೂ ಸಮಾನತೆಯ ದೃಷ್ಟಿಯಿಂದ ಹೆಸರಿಡದೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟೆ. "ಬಾವಿ ನೀರು ಹಾಕ್ಬಿಡೋ ಮಾರಾಯ, ಸುಮ್ನೆ ಯಾಕೆ ಫಜೀತಿ" ಎಂದು ಜಹಾಂಗೀರ್ ಅಂದಾಗ, ಜನರ ಶತ್ರುವಾದ ಆ ಬಾವಿಯ ಒಂದು ಹನಿಯೂ ಹೊಸಹೆಜ್ಜೆ ವಾಚನಾಲಯದ ಹೊಸ್ತಿಲು ದಾಟಕೂಡದೆಂದು ಠರಾವು ಮಾಡಿ, ಠರಾವಿನ ಪುಸ್ತಕದಲ್ಲಿ ಬರೆದು ಸಹಿಯನ್ನೂ ಹಾಕಿದೆ.

ಏಪ್ರಿಲ್ ಒಂಬತ್ತರ ಭಾನುವಾರ ನಡೆದ ಸಾರ್ವಜನಿಕ ಪ್ರದರ್ಶನ ತಮ್ಮ ನೆನಪಿನಲ್ಲಿರಬಹುದು. ಆವತ್ತು ತಾವು ಬಹಳ ಹುರುಪಿನಲ್ಲಿದ್ದಿರಿ. ಅದಕ್ಕೆ ಕಾರಣ ನೀರು ಬಿಡುವ ಯಲ್ಲಪ್ಪನವರು. ಅವರು ನನ್ನ ಮೇಲಿನ ಅಭಿಮಾನದಿಂದ, "ನಿಮ್ಮ ಕಾರ್ಯಕ್ರಮ ಐತೆ ಅಂತ ಇವತ್ತು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಒಂದು ಚಿಪ್ಪು ಜಾಸ್ತೀನೇ ಹಾಕೀನ್ರೀ ಲೋಕಪ್ಪನೋರೆ, ನಮ್ಮ ನೀರಿನ ಮರ್ಯಾದೆ ಪ್ರಶ್ನೆ" ಎಂದು ಕಿವಿಯಲ್ಲಿ ಹೇಳಿಹೋಗಿದ್ದರು. ನಾನು ಅವರ ಕೈ ಕುಲುಕಿ ಧನ್ಯವಾದ ಹೇಳಿದೆ. ಓಣಿಯೆಲ್ಲ ಸೇರಿತ್ತು. ಕುಬ್ರಾ ಬೀಯವರಿಗೂ ಖುರ್ಷೀದ್ ಬೀಯವರಿಗೂ ಮುಂದಿನ ಸಾಲಿನಲ್ಲಿ ಬೆಂಚು ಹಾಕಿಸಿದ್ದೆ. ತಮ್ಮ ಮೂತಿಯಿಂದ ನೇರವಾಗಿ ಕೊಡಕ್ಕೆ, ಕೊಡದಿಂದ ನೇರವಾಗಿ ಪೆಟ್ಟಿಗೆಗೆ ನೀರು ತುಂಬಿ, ಐದೂ ಮೀನುಗಳನ್ನು ಬಿಟ್ಟು, ಭಾಷಣಕ್ಕೆ ನಿಂತೆ.

ಭಾಷಣದ ನಡುವೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ನಾನು ಉತ್ಸಾಹದಿಂದ, "ನೋಡಿ, ನಮ್ಮ ನಲ್ಲಿಯ ನೀರನ್ನು ಎಷ್ಟು ಆಸೆಯಿಂದ ಕುಡಿಯುತ್ತಿವೆ!" ಎಂದು ಘೋಷಿಸಿದೆ. ಚಪ್ಪಾಳೆಯೂ ಬಿತ್ತು. ವಂದನಾರ್ಪಣೆಗೆ ಬರುವಷ್ಟರಲ್ಲಿ ಒಂದು, ಎರಡು ಮತ್ತು ಐದನೆಯವು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಜಹಾಂಗೀರ್ ಬೆಂಚು ಹಾರಿ ಬಂದು ಉಳಿದೆರಡನ್ನು ಜಾಡಿಯ ಹಳೆಯ ಶಿವಮೊಗ್ಗದ ನೀರಿಗೆ ಎತ್ತಿಹಾಕಿದ್ದರಿಂದ ಮೂರು ಮತ್ತು ನಾಲ್ಕು ಉಳಿದವು. ಜನ ಎದ್ದು, ಅಲ್ಲಿಂದಲೇ ಬಾವಿಗೆ ಹೋದರು. ಕುಬ್ರಾ ಬೀಯವರು ಮಾತ್ರ ತಿರುಗಿ ನಿಂತು, "ಎಷ್ಟು ಹೊತ್ನಾಗೆ ಸತ್ವು ಮಗಾ?" ಎಂದು ಕೇಳಿದರು. ಮುಕ್ಕಾಲು ಗಂಟೆ ಎಂದೆ. ತಲೆಯಾಡಿಸಿ ಮಗಳ ಕೈ ಹಿಡಿದುಕೊಂಡು ಹೋದರು. ಆ ತಲೆಯಾಟವನ್ನು ನಾನು ನನ್ನ ಸೋಲಿನ ಮೇಲೆ ಬಿದ್ದ ಮೊಹರೆಂದೇ ತಿಳಿದೆ.

ತಮ್ಮ ಈ ಪರಾಕ್ರಮದ ಗುಟ್ಟು ನನಗೆ ತಿಳಿದದ್ದು ಮೂರು ದಿನದ ಮೇಲೆ, ಒಂದು ಮೇಕೆಯ ದೆಸೆಯಿಂದ. ಮೈದಾ ಅಂಟಿನ ಆಸೆಗೆ ಅದು ಗೋಡೆಯ ಹಾಳೆಯನ್ನು ಎಳೆದು ತಿನ್ನುತ್ತಿದ್ದಾಗ ನಾನು ಅದರ ಬಾಯಿಂದ ಕಿತ್ತುಕೊಂಡ ಚೂರಿನ ಹಿಂಬದಿಯಲ್ಲಿ ಹೀಗೆ ಅಚ್ಚಾಗಿತ್ತು: "ನಲ್ಲಿಯ ನೀರನ್ನು ನೇರವಾಗಿ ಹಾಕತಕ್ಕದ್ದಲ್ಲ, ಅದರಲ್ಲಿ ಬೆರೆಸಿರುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಅಗಲವಾದ ಪಾತ್ರೆಯಲ್ಲಿ ಒಂದು ಇಡೀ ದಿನ ಮುಚ್ಚಳವಿಲ್ಲದೆ ಇಟ್ಟು, ಆಗಾಗ ಎತ್ತರದಿಂದ ಸುರಿದು ಗಾಳಿಯಾಡಿಸಿ, ಹಳೆಯ ನೀರಿನಲ್ಲಿ ಕಾಲು ಭಾಗವನ್ನು ಮಾತ್ರ ತೆಗೆದು ಹೊಸದನ್ನು ಸೇರಿಸತಕ್ಕದ್ದು. ತುರ್ತಿದ್ದಲ್ಲಿ ಛಾಯಾಚಿತ್ರದವರು ಬಳಸುವ ಹೈಪೊ ಹರಳುಗಳನ್ನು" ಎಷ್ಟು ಹಾಕಬೇಕೆಂಬುದು ಮೇಕೆಯ ಹೊಟ್ಟೆಯಲ್ಲಿತ್ತು. ವಾಚನಾಲಯದ ಇತಿಹಾಸದಲ್ಲಿ ಹಿಂಬದಿಯನ್ನೂ ಬಿಡದೆ ಓದಿದ ಮೊದಲ ಸದಸ್ಯ ಆ ಮೇಕೆಯೇ ಎಂದು ಒಪ್ಪಿಕೊಳ್ಳುತ್ತೇನೆ.

ಒಂದು ದಿನ ನೀರನ್ನು ತೆರೆದಿಡುವುದು ತಮಗೆ ಸುಲಭದ ಕೆಲಸವೆಂದು ಕಾಣಬಹುದು. ತಾವು ಈ ಓಣಿಯಲ್ಲಿದ್ದೂ ಓಣಿಯವರಲ್ಲ. ನಮ್ಮಲ್ಲಿ ನಿನ್ನೆಯ ನೀರನ್ನು ಇವತ್ತಿಗೆ ಉಳಿಸುವುದಿಲ್ಲ. ಬೆಳಗಾದರೆ ಹಂಡೆ, ಕೊಡ, ಬಿಂದಿಗೆಗಳಲ್ಲಿ ಉಳಿದದ್ದನ್ನೆಲ್ಲ ಚೆಲ್ಲಿ, ಹುಣಿಸೆಹಣ್ಣು ಹಾಕಿ ಉಜ್ಜಿ, ಹೊಸ ನೀರು ತುಂಬಬೇಕು. ವಿಭೂತಿ ಹಚ್ಚುವ ಮನೆಯಲ್ಲೂ ನಮಾಜು ಮಾಡುವ ಮನೆಯಲ್ಲೂ ಭೇದವಿಲ್ಲದೆ ನಡೆಯುವ ಏಕೈಕ ಸಿದ್ಧಾಂತವೆಂದರೆ ಇದೇ. ನಾನು ಜಗುಲಿಯಲ್ಲಿ ತಾಮ್ರದ ಕೊಪ್ಪರಿಗೆ ತುಂಬಿಟ್ಟು ಮರುದಿನ ಎದ್ದು ನೋಡಿದರೆ ಅದು ಫಳಫಳ ಹೊಳೆಯುತ್ತ ಬೋರಲು ಬಿದ್ದಿತ್ತು, ನೀರೆಲ್ಲ ಕನಕಾಂಬರದ ಬುಡದಲ್ಲಿತ್ತು. "ಅಲ್ಲೋ ಲೋಕಾ, ನಿನ್ನೆ ನೀರು ಹಂಗೆ ಬಾಯಿ ತಕ್ಕೊಂಡು ಬಿದ್ದಿತ್ತು, ಮನೆಗೆ ಲಕ್ಷಣವೇನೋ ಅದು?" ಎಂದು ಬಸವಣ್ಣೆಮ್ಮತ್ತೆ ನನ್ನನ್ನೇ ಬೈದರು. ಕ್ಲೋರಿನ್ ಹಾರಿಹೋಗಬೇಕತ್ತೆ ಎಂದರೆ, "ಹಾರೋದಿದ್ರೆ ತುಂಬಿದ ತಕ್ಷಣ ಹಾರ್ಲಿ, ಅದಕ್ಕೆ ಇಡೀ ದಿನ ಯಾಕೆ? ಸೋಮಾರಿ ಇರ್ಬೇಕು" ಎಂದರು.

ಎರಡನೆಯ ಸಲ "ಇದು ಮೀನಿನ ನೀರು, ಯಾರೂ ಮುಟ್ಟಬಾರದು" ಎಂದು ಸೀಮೆಸುಣ್ಣದಲ್ಲಿ ಬರೆದ ಹಲಗೆಯನ್ನು ಇಟ್ಟೆ. ಅದು ಸಂತೆಯ ದಿನ. ತೊಗರ್ಸಿಯಿಂದ ಗಾಡಿ ಹೂಡಿಕೊಂಡು ಬಂದಿದ್ದ ಎರಡು ಎತ್ತುಗಳು ಹಲಗೆಯನ್ನು ಓದಲಾರದೆ ಒಂದೇ ಉಸಿರಿಗೆ ಕೊಪ್ಪರಿಗೆ ಬರಿದು ಮಾಡಿದವು. ಹಲಗೆಯನ್ನು ಓದಬಲ್ಲವರು ಅದನ್ನು ಓದಿ, ನಲ್ಲಿ ನೀರು ಮೀನಿಗೆ ಮಾತ್ರವೆಂದು ಸರ್ಕಾರವೇ ಬೋರ್ಡು ಹಾಕಿದೆಯೆಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದರು. ಸಾಕ್ಷರತೆಯ ಪ್ರಯೋಜನದ ಮೇಲೆ ನಾನು ಓದಿದ್ದ ಹೊತ್ತಿಗೆಯನ್ನು ಅವತ್ತೇ ಕಪಾಟಿನ ಕೆಳಗಿನ ಖಾನೆಗೆ ಇಳಿಸಿದೆ.

ಮೂರನೆಯ ಸಲ ಅತ್ತೆಗೆ ಕೈಮುಗಿದು, ಎತ್ತಿಗೆ ಅಡ್ಡ ಬೆಂಚು ಹಾಕಿ, ನೀರನ್ನು ಒಂದು ಇಡೀ ದಿನ ಬಿಟ್ಟೆ. ಈ ಸಲ ನನ್ನನ್ನು ಸೋಲಿಸಿದ್ದು ಕುಬ್ರಾ ಬೀಯವರ ಒಳ್ಳೆಯತನ. ತೆರೆದ ನೀರಿಗೆ ಹಲ್ಲಿ ಬಿದ್ದೀತೆಂದು ಅವರು ತಮ್ಮ ಮನೆಯ ದೊಡ್ಡ ಹಿತ್ತಾಳೆ ಪರಾತವನ್ನೇ ತಂದು, ಒದ್ದೆ ಬಟ್ಟೆ ಸುತ್ತಿ, ಉಸಿರು ಹೊರಬೀಳದಂತೆ ಕೊಪ್ಪರಿಗೆಗೆ ಬಿಗಿದು ಹೋಗಿದ್ದರು. ನಾನು ನೀರು ತುಂಬಿಟ್ಟ ಕೂಡಲೇ ವಾಚನಾಲಯದ ಕೆಲಸಕ್ಕೆ ಶಿಕಾರಿಪುರಕ್ಕೆ ಹೋಗಿ ಮರುದಿನ ಬರುವಷ್ಟರಲ್ಲಿ ಅವರೇ ಬಂದು ಪರಾತವನ್ನು ತೆಗೆದುಕೊಂಡು ಹೋಗಿದ್ದರಿಂದ ನನಗೆ ಗೊತ್ತಾಗಲಿಲ್ಲ. ಒಳಗೆ ತಮ್ಮ ಕ್ಲೋರಿನ್ ಮುಸುಕು ಹೊದ್ದ ಮದುಮಗಳಂತೆ ಕದಲದೆ ಕುಳಿತಿತ್ತು. ಆ ನೀರಿಗೆ ನಾಲ್ಕನೆಯ ಮೀನು ಆಹುತಿಯಾಯಿತು. ಉಳಿದದ್ದು ಮೂರನೆಯದು ಮಾತ್ರ. ಕಂಡಕ್ಟರು ಫುಲ್ ಟಿಕೆಟ್ಟು ಕೇಳಿದನೆನ್ನಲಾದ ಮೀನು ಅದೇ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿದ್ದವು. ಅವನ್ನು ಆಗಲೇ ಠರಾವಿನ ಪುಸ್ತಕದಲ್ಲಿ ದಾಖಲಿಸಿದ್ದೆ. ತಾವು ಪ್ರತಿದಿನ ಬರುವುದಕ್ಕಿಂತ ಒಂದು ದಿನ ಮೊದಲೇ ಬಂದರೆ, ನಮ್ಮ ಕೈಗೆ ಸಿಗುವ ಹೊತ್ತಿಗೆ ತಮ್ಮ ನೀರಿಗೆ ಒಂದು ದಿನ ತುಂಬಿರುತ್ತದೆ, ಬಸವಣ್ಣೆಮ್ಮತ್ತೆಯ ಲೆಕ್ಕದಲ್ಲಿ ಅದು ಹೊಸ ನೀರೂ ಆಗಿರುತ್ತದೆ. ಅದು ಕಷ್ಟವೆಂದಾದರೆ, ಮೂತಿಯೊಂದರ ಬದಲು ಎರಡು ಮೂತಿ ಧರಿಸಿ, ಒಂದರಿಂದ ಮನುಷ್ಯರಿಗೂ ಇನ್ನೊಂದರಿಂದ ಮೀನುಗಳಿಗೂ ಸುರಿಯಬಹುದು. ಅದೂ ಆಗದಿದ್ದಲ್ಲಿ, ತಮ್ಮ ಕ್ಲೋರಿನ್ನಿಗೆ ವಾರಕ್ಕೊಮ್ಮೆ, ಪೆಟ್ಟಿಗೆಯ ನೀರು ಬದಲಾಯಿಸುವ ದಿನ, ಸಾಂದರ್ಭಿಕ ರಜೆ ಮಂಜೂರು ಮಾಡಬಹುದು. ತಮ್ಮ ಉತ್ತರ ಬಾರದ್ದರಿಂದ ನಾನು ಹೈಪೊವಿನ ದಾರಿ ಹಿಡಿಯಬೇಕಾಯಿತು.

ಜಹಾಂಗೀರನ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯಲು ಇಟ್ಟ ಹೈಪೊ ಕಲ್ಲುಸಕ್ಕರೆಯಂತೆ ಡಬ್ಬಿ ತುಂಬ ಇತ್ತು. ಪ್ರಮಾಣ ಕೇಳಿದರೆ ಅವನು, "ನಾನು ಫೋಟೋಕ್ಕೆ ಮುಷ್ಟಿಗಟ್ಲೆ ಹಾಕ್ತೀನಪ್ಪ. ಮೀನಿಗೆ ಎಷ್ಟು ಅಂತ ನಮ್ಮ ಉಸ್ತಾದೂ ಹೇಳ್ಕೊಟ್ಟಿಲ್ಲ, ನಿನ್ನ ಮೇಕೇನ ಕೇಳು" ಎಂದ. ಕೊನೆಗೆ ಒಂದು ಹರಳಿನಂತೆ ಹಾಕಿ ಕಲಕುತ್ತ, ಔಷಧದ ವಾಸನೆ ಹೋಗುವವರೆಗೆ ಮೂಸುತ್ತ ಹೋಗುವುದೆಂದು ತೀರ್ಮಾನಿಸಿದೆವು. ನನ್ನ ಮೂಗಿಗೆ ಹಳೇ ಕಾಗದದ ವಾಸನೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ, ಜಹಾಂಗೀರನ ಮೂಗು ಅವನ ಕೆಮಿಕಲ್ಲುಗಳಿಗೇ ಒಗ್ಗಿಹೋಗಿದೆ. ತಮ್ಮ ವಾಸನೆಯನ್ನು ಓಣಿಯಲ್ಲಿ ಮೊದಲು ಹಿಡಿದ ಮೂಗು ಯಾರದ್ದೋ ಅವರನ್ನೇ ಕರೆತಂದೆವು. ಕುಬ್ರಾ ಬೀಯವರು ಕೊಡದ ಮೇಲೆ ಬಗ್ಗಿ ಮೂಸಿ, "ಐತೆ" ಎಂದರು. ಜೋಳದ ಕಾಳಿನಷ್ಟು ಹರಳು ಹಾಕಿ ಕಲಕಿದ ಮೇಲೆ ಮತ್ತೆ ಮೂಸಿ, "ಐತೆ, ಆದ್ರೆ ದೂರ ಹೋಗೈತೆ" ಎಂದರು. ಇನ್ನೊಂದು ಹಾಕಿದ ಮೇಲೆ ಬಹಳ ಹೊತ್ತು ಮೂಸಿ, ಸೆರಗಿನಿಂದ ಮೂಗು ಒರೆಸಿಕೊಂಡು, "ಈಗ ಇಲ್ಲ" ಎಂದು ತೀರ್ಪು ಕೊಟ್ಟರು. ಪೆಟ್ಟಿಗೆಗೆ ಹಾಕುವ ಮುಂಚೆ, "ಇದ್ರಾಗೆ ಮೀನು ಬಿಟ್ರೆ ಅದ್ರ ಫೋಟೋ ಗಾಜಿಗೆ ಅಂಟ್ಕಳ್ಳಲ್ವೇನೋ ಜಹಾಂಗೀರ್?" ಎಂದು ಕೇಳಿದರು. ಅವನು, "ಅಂಟ್ಕಂಡ್ರೆ ಕಟ್ಟು ಹಾಕೋದು ನನ್ನ ಜವಾಬ್ದಾರಿ ಫೂಫೀ" ಎಂದು ತಾನು ಅತ್ತೆಯೆಂದು ಕರೆಯುವ ಅವರಿಗೆ ಭರವಸೆ ಕೊಟ್ಟ.

ಜಾಡಿಯ ಹಳೆಯ ನೀರಿನ ಸಮೇತ ಮೂರನೆಯ ಮೀನನ್ನು ಪೆಟ್ಟಿಗೆಗೆ ಇಳಿಸಿ, ಹಾಳೆಯ ಹಿಂಬದಿ ಹೇಳಿದಂತೆ ಸ್ವಲ್ಪಸ್ವಲ್ಪವೇ ಹೊಸ ನೀರು ಸೇರಿಸುತ್ತ ಬಂದೆ. ಅದು ಬದುಕಿತು. ಒಂದು ದಿನ, ಎರಡು ದಿನ, ಏಳು ದಿನ. ತಮ್ಮದೇ ನೀರಿನಲ್ಲಿ, ಮಾನ್ಯರೇ! ಎಂಟನೆಯ ದಿನ ಮತ್ತೆ ಬೆಂಚು ಹಾಕಿಸಿ ಓಣಿಯನ್ನೆಲ್ಲ ಕರೆದೆ. ಈ ಸಲ ಭಾಷಣವನ್ನು ಚಿಕ್ಕದಾಗಿ ಮುಗಿಸಿ, ಪೆಟ್ಟಿಗೆಯ ಕಡೆ ಕೈ ತೋರಿಸಿ, ಕುಬ್ರಾ ಬೀಯವರೇ, ಇನ್ನಾದರೂ ಖುರ್ಷೀದ್ ಬೀಗೆ ಈ ನೀರನ್ನೇ ಕೊಡಿ ಎಂದು ಎಲ್ಲರೆದುರು ಬೇಡಿಕೊಂಡೆ.

ಅವರು ಮೀನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೇಳಿದ ಮಾತನ್ನು ತಮಗೆ ಒಂದಕ್ಷರವೂ ಬಿಡದೆ ಒಪ್ಪಿಸುತ್ತೇನೆ. "ಅಲ್ಲ ಮಗಾ, ವಾಸ್ನೆ ಹೋದ್ಮ್ಯಾಲೆ ಮೀನು ಬದುಕ್ತು ಅಂದ್ರೆ, ಅವತ್ತು ಅವುನ್ನ ಕೊಂದಿದ್ದು ಆ ವಾಸ್ನೇನೇ ಅಂತಾಯ್ತಲ್ಲ? ಅದು ನಂಗೆ ಅವತ್ತೇ ತಿಳೀತು. ಮುಕ್ಕಾಲು ಗಂಟೇಲಿ ಮೂರು ಮೀನು ಹೋದ್ವು ಅಂದ್ಯಲ್ಲ, ಮಾರನೇ ದಿನ ಬೆಳಿಗ್ಗೇನೇ ನಾನು ಕೊಡ ತಗಂಡು ನಲ್ಲಿಗೆ ಹೋದೆ. ಅಷ್ಟು ದಪ್ಪ ಮೀನನ್ನೇ ಬಿಡ್ದಿರೋದು, ನಮ್ಮ ಯಜಮಾನ್ರನ್ನ ಕರ್ಕಂಡು ಹೋದ ಆ 'ಕಣ್ಣಿಗೆ ಕಾಣದ್ದನ್ನ' ಬಿಡ್ತದಾ? ಖುರ್ಷೀದ್‌ಗೆ ಅವತ್ತಿಂದ ಅದೇ ನೀರು. ನೀನು ಏಳು ಗಂಟೆಗೆ ಏಳೋನು, ನಿಂಗೆಲ್ಲಿ ಕಾಣ್ಬೇಕು? ಸುಮ್ನೆ ಆ ಮೀನು ಸತ್ತಂಗೇ ಬಿಟ್ಟಿದ್ರೆ ಓಣೀನೆಲ್ಲ ನಾನೇ ಒಪ್ಪಿಸ್ತಿದ್ದೆ. ಈಗ ನೋಡು, ಔಷಧ ತೆಗೆದು ಅದನ್ನ ಕುಣಿಸ್ತಿದೀಯ!"

ನಾನು ಒಂದು ತಿಂಗಳು ಓದಿ, ಕಾದು, ಮೂಸಿಸಿ, ಕಲಕಿ ಸಾಧಿಸಿದ್ದಕ್ಕೆ ಕುಬ್ರಾ ಬೀಯವರು ಸತ್ತ ಮೂರು ಮೀನುಗಳನ್ನು ಒಮ್ಮೆ ನೋಡಿ, ಉಲ್ಟಾ ದಿಕ್ಕಿನಿಂದ ನಡೆದು, ನನಗಿಂತ ಮೊದಲೇ ತಲುಪಿದ್ದರು. ನನ್ನ ಕಿರುಹೊತ್ತಿಗೆಯ ಚಿತ್ರದಲ್ಲಿದ್ದ ಕ್ರಿಮಿಯನ್ನು ಅವರು ನಂಬಿರಲಿಲ್ಲ. ನಂಬುವಂತೆ ಮಾಡಿದ್ದು ನನ್ನ ಸೋಲೇ. ಅವರ ಮಾತು ಮುಗಿದದ್ದೇ ತಡ, ಓಣಿಯ ಹೆಣ್ಣುಮಕ್ಕಳು ಎದ್ದು ಸೀದಾ ತಮ್ಮ ಬಳಿಗೆ ಕೊಡ ತಂದು ಸಾಲು ನಿಂತರು. ಈ ಗೆಲುವಿನಲ್ಲಿ ನನ್ನ ಪಾಲೆಷ್ಟು, ತಮ್ಮ ಪಾಲೆಷ್ಟು, ಮೀನುಗಳ ಪಾಲೆಷ್ಟು ಎಂದು ಹಂಚಲು ಠರಾವಿನ ಪುಸ್ತಕದಲ್ಲಿ ಪುಟ ಬಿಟ್ಟಿದ್ದೇನೆ.

ಆದರೆ ಅಂದಿನಿಂದ ನನ್ನ ಮೂರನೆಯ ಮೀನಿನ ಗತಿ ಕೇಳಬೇಡಿ. ವಾಚನಾಲಯಕ್ಕೆ ಪತ್ರಿಕೆ ಓದಲು ಬಂದವರೂ ಪೆಟ್ಟಿಗೆಯಲ್ಲಿ ಇಣುಕಿ, "ಇನ್ನೂ ಬದುಕೈತಾ?" ಎಂದು ಅನುಮಾನದಿಂದ ಕೇಳುತ್ತಾರೆ. ಇರುವೆ ಗೂಡಿಗೆ ಸಕ್ಕರೆ ಹಾಕಿ ಬರುವ, ಮೊಟ್ಟೆ ಕಂಡರೆ ಕಣ್ಣು ಮುಚ್ಚುವ ನಮ್ಮ ಬಸವಣ್ಣೆಮ್ಮತ್ತೆ ಮೊನ್ನೆ, "ಶನಿವಾರಕ್ಕೊಂದು ಮೀನು ನಲ್ಲಿ ನೀರಿಗೆ ಬಿಟ್ಟು ನೋಡೋ ಲೋಕಾ, ಅದ್ರಾಗೆ ಸತ್ವ ಐತೋ ಇಲ್ವೋ ತಿಳೀತದೆ" ಎಂದರು. ಯಲ್ಲಪ್ಪನವರಂತೂ ಆಗಲೇ, "ನಿಮ್ಮ ಮೀನು ಯಾವತ್ತು ಐತೆ ಹೇಳ್ರಿ, ಅವತ್ತು ಒಂದು ಚಿಪ್ಪು ಜಾಸ್ತಿ ಹಾಕ್ತೀನಿ" ಎಂದಿದ್ದಾರೆ.

ಆದಕಾರಣ ನನ್ನ ಹಿಂದಿನ ಪ್ರಾರ್ಥನೆಗಳನ್ನೆಲ್ಲ ಹಿಂತೆಗೆದುಕೊಂಡು ಈ ಒಂದನ್ನು ಮಾತ್ರ ತಮ್ಮ ಮುಂದಿಡುತ್ತಿದ್ದೇನೆ. ತಾವು ಈಗಿರುವಷ್ಟೇ ಕ್ರೂರಿಯಾಗಿರಿ. ಆಸ್ಪತ್ರೆಯ ನೆಲದ ವಾಸನೆಯನ್ನು ಬಿಡಬೇಡಿ, ಬಿಟ್ಟರೆ ಕುಬ್ರಾ ಬೀಯವರ ಮೂಗು ಬಿಡುವುದಿಲ್ಲ. ದಿನವೂ ಬನ್ನಿ, ಹೊತ್ತಿಗೆ ಸರಿಯಾಗಿ ಬನ್ನಿ. ಖುರ್ಷೀದ್ ಬೀಯವರಿಗೆ ದಿನ ತುಂಬಿದೆ, ಈ ವಾರದಲ್ಲೊಂದು ದಿನವೂ ತಪ್ಪಿಸಬೇಡಿ. ಮೂರನೆಯ ಮೀನನ್ನು ತಮ್ಮಿಂದ ಕಾಪಾಡಿಕೊಳ್ಳುವ ಹೊಣೆ ನನಗಿರಲಿ. ಕೊಪ್ಪರಿಗೆಯಲ್ಲಿ ತಮ್ಮ ನೀರನ್ನು ಒಂದು ಇಡೀ ದಿನ ತೆರೆದಿಡುವ ವ್ಯವಸ್ಥೆ ಕೊನೆಗೂ ಆಗಿದೆ. ಅದರ ಪಕ್ಕದಲ್ಲಿ ನಾನೇ ಚಾಪೆ ಹಾಕಿಕೊಂಡು ಮಲಗುತ್ತೇನೆ.

ಹನ್ನೊಂದು ಅರ್ಜಿ, ನಾಲ್ಕು ಮೀನು ಮತ್ತು ಒಂದು ಹಾಳೆಯ ಹಿಂಬದಿಯ ನಂತರವೂ ತಮ್ಮಲ್ಲಿ ಭರವಸೆ ಕಳೆದುಕೊಳ್ಳದ,

ತಮ್ಮ ವಿಶ್ವಾಸಿ,
ಲೋಕಪ್ಪ
ಸ್ಥಾಪಕ ಕಾರ್ಯದರ್ಶಿ, ಹೊಸಹೆಜ್ಜೆ ವಾಚನಾಲಯ

ತಾಜಾ ಕಲಂ: ಮಂಗಳವಾರ. ಅಂಟು ಕುದಿಸಲು ಮೈದಾ ಸಿಗುವುದು ತಡವಾದ್ದರಿಂದ ಈ ಪತ್ರ ಎರಡು ದಿನ ಮೇಜಿನ ಮೇಲೆಯೇ ಇತ್ತು. ಆ ಎರಡು ದಿನವೂ ತಾವು ಬರಲಿಲ್ಲ. "ಮೋಟಾರ್ ಸುಟ್ಟೈತ್ರೀ, ರಿಪೇರಿಗೆ ಶಿವಮೊಗ್ಗಕ್ಕೆ ಹೋಗೈತೆ" ಎಂದು ಯಲ್ಲಪ್ಪನವರು ತಮ್ಮ ಪರವಾಗಿ ತಿಳಿಸಿದ್ದಾರೆ. ಇವತ್ತು ಬೆಳಗಿನ ಜಾವಕ್ಕೇ ಖುರ್ಷೀದ್ ಬೀಯವರಿಗೆ ನೋವು ಶುರುವಾಯಿತು. ಕುಬ್ರಾ ಬೀಯವರು ಬಾವಿಯ ಮುಂದೆ ಹಾದು, ಅದರ ಕಡೆ ತಿರುಗಿಯೂ ನೋಡದೆ, ಖಾಲಿ ಕೊಡ ಹಿಡಿದು ನನ್ನ ಜಗುಲಿಗೆ ಬಂದರು. ಓಣಿಯಲ್ಲಿ ತಮ್ಮ ನೀರು ಉಳಿದಿದ್ದದ್ದು ನನ್ನ ಕೊಪ್ಪರಿಗೆಯಲ್ಲಿ ಮಾತ್ರ, ಅದೂ ಮೊನ್ನೆಯದು. ನಿನ್ನೆಯ ನೀರನ್ನು ಕಂಡಲ್ಲೆಲ್ಲ ಚೆಲ್ಲುವ ಬಸವಣ್ಣೆಮ್ಮತ್ತೆಯೇ ಕೊಪ್ಪರಿಗೆಯ ಒಂದು ಕಿವಿ ಹಿಡಿದರು, ಕುಬ್ರಾ ಬೀಯವರು ಇನ್ನೊಂದು ಕಿವಿ ಹಿಡಿದರು. ಔಷಧ ಹಾರಿಹೋದ ನೀರು, ಕುದಿಸಿ ಕೊಡಿ ಎಂದು ಕೂಗಿದೆ. "ಹೇಳ್ಬೇಕೇನೋ ನೀನು!" ಎಂದು ಇಬ್ಬರೂ ಒಟ್ಟಿಗೆ ಗದರಿಸಿ ಹೊತ್ತುಕೊಂಡು ಹೋದರು. ಹನ್ನೊಂದು ಗಂಟೆಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಇನ್ನೊಂದು ಸಂಗತಿಯನ್ನು ಬಹಿರಂಗವಾಗಿ ಹೇಳಲಾರದೆ ಈ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮೂರನೆಯ ಮೀನಿನ ನೀರು ಬದಲಾಯಿಸುವ ದಿನ ಇವತ್ತೇ ಇತ್ತು, ಕೊಪ್ಪರಿಗೆ ಬರಿದಾಗಿತ್ತು, ತಾವು ಇರಲಿಲ್ಲ. ಓಣಿಯೆಲ್ಲ ಮಗುವನ್ನು ನೋಡಲು ಹೋದ ಸಮಯ ಸಾಧಿಸಿ ನಾನು ಹಗ್ಗ ತೆಗೆದುಕೊಂಡು ಬಾವಿಗೆ ಹೋಗಿ, ಒಂದು ಕೊಡ ಸೇದಿ, ಬಟ್ಟೆಯಲ್ಲಿ ಸೋಸಿ, ಠರಾವನ್ನು ಮುರಿದು ಪೆಟ್ಟಿಗೆಗೆ ಸುರಿದೆ. ಹರಳಿಲ್ಲ, ಮೂಸುವುದಿಲ್ಲ, ಕಾಯುವುದಿಲ್ಲ. ಮೀನು ಹುಟ್ಟಿದಾರಭ್ಯ ಇಂಥ ನೀರನ್ನೇ ಕಂಡಿಲ್ಲವೆಂಬಂತೆ ಮೂಲೆಯಿಂದ ಮೂಲೆಗೆ ಲಾಗ ಹಾಕುತ್ತಿದೆ. ಇದು ನಮ್ಮಿಬ್ಬರ ನಡುವೆಯೇ ಇರಲಿ. ಈ ಮಗ್ಗುಲಿಗೆ ಮೈದಾ ಅಂಟನ್ನು ದಪ್ಪಗೆ ಹಚ್ಚಿ ತಮ್ಮ ಕಂಬಕ್ಕೆ ಒತ್ತುತ್ತಿದ್ದೇನೆ. ಆ ಮೇಕೆ ಇತ್ತ ಸುಳಿದರೆ, ದಯಮಾಡಿ ಮುಖಕ್ಕೆ ನೀರು ಚಿಮ್ಮಿಸಿ ಓಡಿಸಬೇಕು. ಆ ಹೊತ್ತಿಗೆ ತಮ್ಮಲ್ಲಿ ನೀರಿದ್ದರೆ.